ಗುರುಸಂಗಪ್ಪ ಲಾರಿ ಒಪ್ಪಿಸಿ ಬಂದದ್ದು

ಕೊಟ್ಟೂರಿನ ಗುರುಸಂಗಪ್ಪನಿಗೆ ಮೂಗು ಇತ್ತು. ಮೂಗು ಯಾರಿಗಿಲ್ಲ ಎಂದು ಕೇಳಬೇಡಿ. ನಮ್ಮ ನಿಮ್ಮಂಥವರಿಗೆ ಇರುವುದು ಕನ್ನಡಕ ಕೂರಿಸಲು, ನೆಗಡಿ ಬಂದಾಗ ಒರೆಸಲು. ಗುರುಸಂಗಪ್ಪನದು ಮೂಗಲ್ಲ, ನ್ಯಾಯಾಲಯ. ಅದರ ಮುಂದೆ ಹಾದುಹೋದ ಯಾವ ವಾಸನೆಯೂ ವಿಚಾರಣೆಯಿಲ್ಲದೆ ತಪ್ಪಿಸಿಕೊಳ್ಳುತ್ತಿರಲಿಲ್ಲ. ತೀರ್ಪು ಮಾತ್ರ ಹೆಚ್ಚು ಕಡಿಮೆ ಎಲ್ಲಕ್ಕೂ ಒಂದೇ: "ಥೂ, ಹೇಸಿಗಿ!"

ಇಂಥ ಮೂಗನ್ನು ದೇವರು ಕೊಟ್ಟದ್ದು ಒಬ್ಬ ಲಾರಿ ಡ್ರೈವರನಿಗೆ. ದೇವರೂ ಒಮ್ಮೊಮ್ಮೆ ಲೋಡು ತಪ್ಪಿದ ವಿಳಾಸಕ್ಕೆ ಇಳಿಸಿ ಹೋಗುತ್ತಾನೆ. ಲಾರಿ ಅಪ್ಪನ ಕಾಲದ್ದು. ಅಪ್ಪ ಸ್ಟೇರಿಂಗ್ ಬಿಟ್ಟು ಹಾಸಿಗೆ ಹಿಡಿದ ವರ್ಷ ಮಗ ಹಾಸಿಗೆ ಬಿಟ್ಟು ಸ್ಟೇರಿಂಗ್ ಹಿಡಿದ. ಹಡಗಲಿಯ ಮಲ್ಲಿಗೆ ಬುಟ್ಟಿಗಳು ಬಸ್ಸಿನ ನೆತ್ತಿಯ ಮೇಲೆ ಕೂತು ಘಮ್ಮೆಂದು ಹೋಗುತ್ತಿದ್ದ ಕಾಲಕ್ಕೆ ಅದೇ ಹಡಗಲಿಯಿಂದ ಇವನ ಪಾಲಿಗೆ ಬಂದದ್ದು ಕೋಳಿಗೊಬ್ಬರ. ಹಗರಿಬೊಮ್ಮನಹಳ್ಳಿಯಿಂದ ಮಳೆಗೆ ನೆನೆದು ಮುಗ್ಗಿದ ಮೆಕ್ಕೆಜೋಳ. ಕೂಡ್ಲಿಗಿ ಕಡೆಯಿಂದ ಕುರಿ ಹಿಕ್ಕೆ. ಕಾನಹೊಸಹಳ್ಳಿಯಲ್ಲಿ ಒಮ್ಮೆ ಹೇರಿಕೊಂಡ ಈರುಳ್ಳಿ ದಾರಿಯಲ್ಲೇ ಕೊಳೆತು, ಹಿಂದಿನಿಂದ ಅದರ ನೀರು ತೊಟ್ಟಿಕ್ಕುತ್ತ, ನೊಣಗಳ ಮೆರವಣಿಗೆಯನ್ನು ಊರಿಂದೂರಿಗೆ ಕರೆದುಕೊಂಡು ಹೋಗಿತ್ತು. ಬೇರೆ ಡ್ರೈವರುಗಳು ರಸ್ತೆಯನ್ನು ಮೈಲಿಗಲ್ಲಿನಲ್ಲಿ ನೆನಪಿಟ್ಟರೆ ಇವನು ನಾತದಲ್ಲಿ ನೆನಪಿಡುತ್ತಿದ್ದ.

ಆದರೆ ಎಲ್ಲ ನಾತಗಳಿಗೂ ಯಜಮಾನನೆಂದರೆ ಡೀಸೆಲ್. ಅವನು ಹುಡುಗನಾಗಿದ್ದಾಗ ಲಾರಿ ಹತ್ತಿದ ಮೊದಲ ದಿನವೇ ಅಪ್ಪ ಒಂದು ರಬ್ಬರ್ ಪೈಪು ಕೈಗಿತ್ತು, "ಬಾಯಾಗಿಟ್ಟು ಜಗ್ಗಲೇ" ಎಂದಿದ್ದ. ಜಗ್ಗಿದ. ಕ್ಯಾನಿಗೆ ಬೀಳಬೇಕಾದ್ದು ಹೊಟ್ಟೆಗೆ ಬಿತ್ತು. ವಾರಗಟ್ಟಲೆ ತೇಗು ಬಂದರೆ ಪಕ್ಕದಲ್ಲಿ ಬೀಡಿ ಹಚ್ಚುವವರು ದೂರ ಸರಿಯುತ್ತಿದ್ದರು. ಮುಂದೆ ಮದುವೆಯಲ್ಲಿ ಎಣ್ಣೆಶಾಸ್ತ್ರಕ್ಕೆ ಕೂರಿಸಿದಾಗ ಮುತ್ತೈದೆಯರು ನೆತ್ತಿಗೆ ಎಣ್ಣೆ ಒತ್ತುತ್ತ, "ಇದ್ಯಾಕ ಎಣ್ಣಿ ಹಿಂಗ ನಾರತೈತೆ?" ಎಂದು ಬಟ್ಟಲು ಮೂಸಿ ನೋಡಿದರಂತೆ. ನಾರುತ್ತಿದ್ದದ್ದು ಬಟ್ಟಲಲ್ಲ, ಮದುಮಗ. ಹೋಳಿಗೆಯೂ ಅವನಿಗೆ ಡೀಸೆಲಿನಲ್ಲೇ ಬೆಂದಂತಿತ್ತು.

ಹೆಂಡತಿ ನಾಗಲಿಂಗಮ್ಮನಿಗೆ ಇಂಥ ಯಾವ ತಕರಾರೂ ಇರಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಆಕೆ ಲಾರಿಗೆ ಗೌರವ್ವ ಎಂದು ಹೆಸರಿಟ್ಟಿದ್ದಳು. ಅಮಾವಾಸ್ಯೆಗೊಮ್ಮೆ ತೊಳೆದು, ಹಣೆಗೆ ಮೂರು ಬೆರಳ ವಿಭೂತಿ ಎಳೆದು, ಚಕ್ರಕ್ಕೆ ನಿಂಬೆಹಣ್ಣಿಟ್ಟು, ಕಾಯಿ ಒಡೆಯುತ್ತಿದ್ದಳು. ಗಂಡ ರಾತ್ರಿ ಬಂದನೆಂದರೆ ಮೊದಲು ಹೊರಗೆ ಹೋಗಿ ಲಾರಿಯ ಮೈ ಮುಟ್ಟಿ ನೋಡುವುದು, ಆಮೇಲೆ ಗಂಡನಿಗೆ ತಟ್ಟೆ ಹಾಕುವುದು.

ಹೊಸ ಶತಮಾನ ಹುಟ್ಟಿ ಒಂದೆರಡು ವರ್ಷವಾಗಿತ್ತು. ಗುರುಸಂಗಪ್ಪ ಕೊನೆಗೂ ನಿರ್ಧಾರ ಮಾಡಿದ್ದ. ಗುಡಿಯ ಬೀದಿಯಲ್ಲಿ ಒಂದು ಮಳಿಗೆ ಗೊತ್ತು ಮಾಡಿ, ಊದಿನಕಡ್ಡಿ, ಕರ್ಪೂರ, ಗಂಧ, ವಿಭೂತಿ ಇಟ್ಟು ಕೂರುವುದು. ಬಾಕಿ ಆಯುಷ್ಯವನ್ನಾದರೂ ಮೂಗು ಮುಚ್ಚದೆ ಕಳೆಯುವುದು. ಅದಕ್ಕೆ ಲಾರಿ ಮಾರಬೇಕು. ಆ ಮುದಿ ಲಾರಿಗೋ ಗಿರಾಕಿಗಳು ಬರುವರು, ಟೈರಿಗೆ ಒದೆಯುವರು, ಚಹಾ ಕುಡಿದು ಹೋಗುವರು. ಕೊನೆಗೆ ಗಂಟು ಬಿದ್ದವನು ಹರಪನಹಳ್ಳಿಯ ಓಬಳೇಶಪ್ಪ. ಮೆಕ್ಕೆಜೋಳದ ವ್ಯಾಪಾರಿ, ಪಂಚಾಂಗ ನೋಡದೆ ಸೀನು ಕೂಡ ಸೀನದವನು.

"ನೋಡ್ರಿ ಗುರುಸಂಗಪ್ಪಾರೆ, ಶುಕ್ರವಾರ ರಾಹುಕಾಲ ಹುಟ್ಟೋದ್ರೊಳಗೆ ಗಾಡಿ ನಮ್ಮ ಕಣಕ್ಕೆ ಬಂದಿರ್ಬೇಕು," ಎಂದಿದ್ದ ಅವನು. "ತನ್ನ ಕಾಲ ಮ್ಯಾಲೆ ತಾನು ಬರ್ಬೇಕು. ಹಗ್ಗ ಕಟ್ಟಿ ಎಳ್ಕಂಡು ಬಂದ್ರೆ ಅದು ಗಾಡಿ ಅಲ್ಲ, ಹೆಣ. ಹೆಣನ ನಾವು ಮನಿಗೆ ತಗಳಲ್ಲ. ತಡ ಆದ್ರೆ ಬ್ಯಾಸರ ಮಾಡ್ಕಬ್ಯಾಡ್ರಿ, ಇಲ್ಲೇ ಅರಸೀಕೆರ್ಯಾಗೂ ಒಂದು ಗಾಡಿ ನೋಡಿಟ್ಟೀನಿ."

ಇಷ್ಟೇ ಷರತ್ತು. ಶುಕ್ರವಾರ ಬೆಳಿಗ್ಗೆ ಕೊಟ್ಟೂರು ಬಿಟ್ಟರೆ ಹರಪನಹಳ್ಳಿ ಎಷ್ಟರದು? ಬಿಸಿಲೇರುವ ಹೊತ್ತಿಗೆ ಮುಟ್ಟಿ, ಕೀಲಿ ಕೊಟ್ಟು, ಬಸ್ಸು ಹತ್ತುವುದು. ಗುರುಸಂಗಪ್ಪ ಎಲ್ಲವನ್ನೂ ಲೆಕ್ಕ ಹಾಕಿದ್ದ, ಡೀಸೆಲನ್ನು ಕೂಡ. ಟ್ಯಾಂಕಿಗೆ ಜೋಳದ ದಂಟು ಇಳಿಬಿಟ್ಟು, ಅದು ಒದ್ದೆಯಾದ ಮಟ್ಟ ನೋಡಿ, ಓಬಳೇಶಪ್ಪನ ಕಣ ಮುಟ್ಟುವಷ್ಟು ಉಳಿಸಿ ಮಿಕ್ಕದ್ದನ್ನು ಹಿಂದಿನ ದಿನವೇ ತೆಗೆದು ಪಕ್ಕದ ಲಾರಿಯವನಿಗೆ ಕೊಟ್ಟುಬಿಟ್ಟ.

"ಲಾರಿ ಕೊಟ್ಟೀನಿ, ಡೀಸೆಲ್ ಕೊಡ್ತೀನಿ ಅಂತ ಹೇಳಿಲ್ಲ," ಎಂದ ಹೆಂಡತಿಗೆ. "ಒಂದು ತೊಟ್ಟು ಹೆಚ್ಚಿಗಿ ಹೋಗಬಾರದು."

"ಹೆಣ್ಣುಮಗಳನ್ನ ಉಪವಾಸ ಕಳಸ್ತೀರೇನ್ರೀ?"

"ಅದು ಹೆಣ್ಣುಮಗಳಲ್ಲ, ತಗಡು."

ನಾಗಲಿಂಗಮ್ಮ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಶುಕ್ರವಾರ ನಸುಕಿನಲ್ಲೇ ಎದ್ದು ಅರಿಷಿಣ, ವಿಭೂತಿ ಎರಡನ್ನೂ ಹಾಲಿನಲ್ಲಿ ಕಲಸಿ, ರೊಟ್ಟಿಯ ಹಿಟ್ಟಿನಂತೆ ಗಟ್ಟಿ ಮಾಡಿಕೊಂಡಿದ್ದಳು. ಅಮಾವಾಸ್ಯೆಗೆ ಹಚ್ಚುತ್ತಿದ್ದುದು ತೆಳ್ಳಗೆ, ಹಣೆಗೆ ಮಾತ್ರ. ಇವತ್ತು ಮದುಮಗಳಿಗೆ ಅರಿಷಿಣ ಮೆತ್ತಿದಂತೆ ಬಾನೆಟ್ಟು, ಬಾಗಿಲು, ಬಂಪರು, ಕೊನೆಗೆ ಡೀಸೆಲ್ ಟ್ಯಾಂಕಿನ ಮುಚ್ಚಳ.

"ಅಲ್ಲಿಗ್ಯಾಕ?" ಎಂದ ಗುರುಸಂಗಪ್ಪ.

"ಅದು ಆಕಿ ಬಾಯಿ. ಇಷ್ಟು ವರ್ಷ ನಮ್ಮ ಹೊಟ್ಟಿ ತುಂಬಿಸ್ಯಾಳ. ಬಾಯಿಗೆ ಒಂದು ಬೊಟ್ಟು ಇಟ್ಟರ ನಿಮ್ಮ ಗಂಟೇನು ಹೋತು?"

"ಹಂಗಾರ ಲಾರಿಗೊಂದು ಸೀರಿನೂ ಉಡಿಸಿಬಿಡು."

ಅಷ್ಟಕ್ಕೇ ಮುಗಿಯಲಿಲ್ಲ. ಕ್ಯಾಬಿನ್ನಿನಲ್ಲಿ ಪೂಜೆಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಆಕೆ, ಊರು ಬಿಡುವ ಮುನ್ನ ಸ್ವಾಮಿಯ ಗುಡಿಗೆ ಗೌರವ್ವನಿಂದ ಮೂರು ಸುತ್ತು ಹಾಕಿಸಬೇಕು ಎಂದು ಹಟ ಹಿಡಿದಳು. ಹೆಂಗಸು ಕಣ್ಣೀರು ಹಾಕುತ್ತ ಕೇಳಿದರೆ ಯಾವ ಗಂಡಸು ಇಲ್ಲವೆಂದಾನು? ಹಾಲಿನವರು, ಹೂವಿನವರು, ಮಲಗಿದ ಎಮ್ಮೆ, ಎದ್ದೇಳದ ನಾಯಿ, ಎಲ್ಲರನ್ನೂ ಎಬ್ಬಿಸುತ್ತ, ಫಸ್ಟ್ ಗೇರಿನಲ್ಲಿ ಗರ್ರೆನ್ನುತ್ತ, ಸಂದಿಗೊಂದಿಯಲ್ಲಿ ಹಿಂದೆ ಮುಂದೆ ಮಾಡುತ್ತ, ಲಾರಿ ಮೂರು ಸುತ್ತು ಹಾಕಿತು. ಡೀಸೆಲಿನ ಲೆಕ್ಕದಲ್ಲಿ ಈ ಪ್ರದಕ್ಷಿಣೆ ಸೇರಿರಲಿಲ್ಲ.

ಕೊಟ್ಟೂರು ಹಿಂದೆ ಬಿದ್ದು, ಎರಡೂ ಕಡೆ ಕೊಯ್ದ ಜೋಳದ ಕೂಳೆ ಬಿಟ್ಟರೆ ಬೇರೇನೂ ಕಾಣದ ಜಾಗದಲ್ಲಿ ಇಂಜಿನ್ ಒಂದೆರಡು ಬಾರಿ ಬಿಕ್ಕಿತು, ಕೆಮ್ಮಿತು, ಸುಮ್ಮನಾಯಿತು.

ಗುರುಸಂಗಪ್ಪ ಕೆಳಗಿಳಿದ. ಹೆಗಲ ಟವೆಲನ್ನು ಮೂಗಿಗೂ ಕಿವಿಗೂ ಸೇರಿಸಿ ಬಿಗಿಯಾಗಿ ಸುತ್ತಿ, ಮುಖ ಅತ್ತ ತಿರುಗಿಸಿ, ಕೈಯನ್ನಷ್ಟೇ ಇತ್ತ ಚಾಚಿ ಮುಚ್ಚಳ ತಿರುವಿದ. ಯಾವಾಗಲೂ ಅವನು ತೆಗೆಯುತ್ತಿದ್ದದ್ದೇ ಹಾಗೆ, ಎಳೆಗೂಸಿನ ಚಡ್ಡಿ ಬಿಚ್ಚುವ ಗಂಡಸರ ಹಾಗೆ. ದಂಟು ಇಳಿಬಿಟ್ಟ. ಒಣಗಿದ್ದು ಒಣಗಿದಂತೆಯೇ ಮೇಲೆ ಬಂತು.

"ನಿನ್ನ ಪ್ರದಕ್ಷಿಣಿ ಕುಡದುಬಿಡ್ತು ನೋಡು!"

"ದೇವರ ಮ್ಯಾಲೆ ಹಾಕಬ್ಯಾಡ್ರಿ. ಉಪವಾಸ ಕೆಡವಿದವರು ನೀವು."

ರಸ್ತೆಗೆ ಹತ್ತಿರದಲ್ಲೇ ಒಂದು ಹೊಲದಲ್ಲಿ ಪಂಪ್‌ಸೆಟ್ ಟುಕುಟುಕು ಎನ್ನುತ್ತಿತ್ತು. ಹೊಲದ ಎರ್ರೆಪ್ಪ ಬಲು ಧಾರಾಳಿ. ಡ್ರಮ್ಮಿನಲ್ಲಿ ಡೀಸೆಲ್ ಇತ್ತು, ಕೊಡುತ್ತೇನೆಂದ. ಆದರೆ ತುಂಬಿದ ಕ್ಯಾನಿಗಿಂತ ಕಡಿಮೆ ಕೊಡುವುದು ಅವನ ಮರ್ಯಾದೆಗೆ ಒಗ್ಗಲಿಲ್ಲ.

"ಸ್ವಲ್ಪ ಸಾಕು ಮಾರಾಯಾ," ಎಂದ ಗುರುಸಂಗಪ್ಪ.

"ಏ, ಬಾಯಿ ಬಿಟ್ಟು ಕೇಳಿದವ್ರಿಗೆ ಅರ್ಧ ಕ್ಯಾನ್ ಕೊಟ್ರ ನಮ್ಮ ಹೊಲದ ಮಾನ ಏನಾಗ್ಬೇಕ್ರಿ? ತಗಳ್ರಿ, ಪೈಪು ಅಲ್ಲೇ ಐತಿ, ಜಗ್ಗಿಕೊಳ್ರಿ."

ಪೈಪು ಅಲ್ಲೇ ಇತ್ತು, ಎತ್ತಿನ ಗಂಜಲದ ಪಕ್ಕದಲ್ಲಿ. ಅದರ ಬಾಯಿಗೆ ಯಾವ ಯಾವ ಬಾಯಿಗಳು ಬಿದ್ದಿದ್ದವೋ. ಗುರುಸಂಗಪ್ಪ ಅದನ್ನು ಅಂಗಿಯಿಂದ ಒರೆಸಿದ, ಆಮೇಲೆ ಅಂಗಿಯನ್ನು ನೋಡಿ ಮುಖ ಹಿಂಡಿದ, ಕಣ್ಣು ಮುಚ್ಚಿ ಮಳಿಗೆಯ ಊದಿನಕಡ್ಡಿಯನ್ನು ನೆನೆಸಿಕೊಂಡು ಜಗ್ಗಿದ. ಬಂತು, ಬೆಚ್ಚಗೆ, ಕಹಿಯಾಗಿ, ನಾಲಗೆಯ ಬುಡದವರೆಗೆ. ಉಗಿದ, ಕ್ಯಾಕರಿಸಿದ, ಮತ್ತೆ ಉಗಿದ. ಇದು ಕೊನೇ ಸಲ, ಇದು ಕೊನೇ ಸಲ ಎಂದು ಜಪ ಮಾಡುತ್ತ ಮತ್ತೂ ಉಗಿದ.

ಟ್ಯಾಂಕಿಗೆ ಹೊಯ್ಯಲು ಲಾಳಿಕೆ ಬೇಕಿತ್ತು. ಎರ್ರೆಪ್ಪ ಗುಡಿಸಲಿನಿಂದ ಬಿದಿರಿನ ಗೊಟ್ಟ ತಂದುಕೊಟ್ಟ, ಎತ್ತಿಗೆ ಹೊಟ್ಟೆ ಉಬ್ಬಿದಾಗ ಗಂಟಲಿಗಿಟ್ಟು ಔಷಧ ಹೊಯ್ಯುವ ಗೊಟ್ಟ. ತುದಿಯಲ್ಲಿ ಎತ್ತಿನ ಜೊಲ್ಲು ಒಣಗಿ ಅಂಟಿನಂತೆ ಹೊಳೆಯುತ್ತಿತ್ತು.

"ನಿನ್ನೆನೇ ಹೊಯ್ದಿದ್ದೆ. ಎತ್ತು ಆರಾಮ ಆತು. ಲಾರಿನೂ ಆಗ್ತೈತಿ," ಎಂದ ಎರ್ರೆಪ್ಪ.

"ಎತ್ತಿಗೆ ಏನಾಗಿತ್ತು?"

"ಗಾಳಿ ತುಂಬಿತ್ರಿ."

ಲಾರಿಗೂ ಆದದ್ದು ಅದೇ. ಡೀಸೆಲ್ ಪೂರ್ತಿ ಬತ್ತಿದ ಮೇಲೆ ಟ್ಯಾಂಕಿಗೆ ಸುರಿದ ಮಾತ್ರಕ್ಕೆ ಇಂಜಿನ್ ಏಳುವುದಿಲ್ಲ. ಖಾಲಿಯಾದ ಪೈಪುಗಳಲ್ಲಿ ಗಾಳಿ ಹೊಕ್ಕು ಕೂತಿರುತ್ತದೆ. ಅದನ್ನು ಓಡಿಸಲು ಫಿಲ್ಟರಿನ ನೆತ್ತಿಯ ನಟ್ಟು ಸಡಿಲಿಸಿ, ಪಕ್ಕದ ಪುಟ್ಟ ಕೈಪಂಪನ್ನು ಒತ್ತುತ್ತ ಒತ್ತುತ್ತ ಕೂರಬೇಕು. ಮೊದಲು ಬುರುಗು ಬರುತ್ತದೆ, ನೊರೆನೊರೆಯಾಗಿ, ಎಂಜಲಿನಂತೆ. ಗುಳ್ಳೆ ನಿಂತು ಬರೀ ಡೀಸೆಲ್ ಹರಿದರೆ ನಟ್ಟು ಬಿಗಿ. ಆಮೇಲೆ ಇಂಜಿನ್ನಿಗೆ ಹೋಗುವ ಸಣ್ಣ ಪೈಪಿನ ನಟ್ಟು ಸಡಿಲಿಸಿ, ಸೆಲ್ಫ್ ಹೊಡೆಸಿ, ಅಲ್ಲಿಯ ಗಾಳಿಯನ್ನೂ ಉಗುಳಿಸಬೇಕು. ಇದೆಲ್ಲ ಮೂಗಿನ ಮುಂದೆಯೇ, ಮೊಣಕೈವರೆಗೆ ಡೀಸೆಲ್ ಇಳಿಯುತ್ತ.

"ಗಾಳಿ ಹಿಡದೈತಿ," ಎಂದ ಗುರುಸಂಗಪ್ಪ, ಬಾನೆಟ್ಟಿನ ಒಳಗಿನಿಂದ.

"ನಾ ಅಂದಿದ್ದೆ, ಹುಣಸಿಗಿಡದ ಹಂತೇಲೇ ಆಕಿ ಒಂದು ಸಲ ನಡುಗಿದ್ಲು. ನಿಂಬೆಹಣ್ಣು ನಿವಾಳಿಸ್ತೀನಿ, ತಡೀರಿ."

"ನಿವಾಳಿಸೋದು ಆಮ್ಯಾಲೆ. ಮ್ಯಾಲೆ ಹತ್ತು, ಸೆಲ್ಫ್ ಹೊಡಿ."

ನಾಗಲಿಂಗಮ್ಮ ಸ್ಟೇರಿಂಗಿಗೆ ಕೈಮುಗಿದು ಕೀಲಿ ತಿರುವಿದಳು. ಕಡಿಮೆ ಅಭ್ಯಾಸವೇ? ಗಂಡ ಕೆಳಗೆ ಬೈಯುವುದು, ಹೆಂಡತಿ ಮೇಲೆ ಕೀಲಿ ತಿರುವುವುದು ಅವರ ಸಂಸಾರದಲ್ಲಿ ಮೊದಲಿನಿಂದ ಇದ್ದದ್ದೇ. ಲಾರಿ ಕಪ್ಪು ಹೊಗೆ ಉಗುಳಿ ಎದ್ದಿತು. ಗುರುಸಂಗಪ್ಪ ಮುಚ್ಚಳ ಬಿಗಿದು ಬಂದು ಕೂತ. ಅಷ್ಟರೊಳಗೆ ನಾಗಲಿಂಗಮ್ಮ ಇಳಿದು, "ಬಾಯಿ ಬೊಟ್ಟು ಅಳಸಿಬಿಟ್ರಲ್ಲ" ಎಂದು ಗೊಣಗುತ್ತ, ತಟ್ಟೆಯಲ್ಲಿ ಉಳಿದಿದ್ದ ಮುದ್ದೆಯನ್ನು ಮತ್ತೆ ಮುಚ್ಚಳಕ್ಕೆ ಮೆತ್ತಿ ಹತ್ತಿದಳು.

ಒಂದಿಷ್ಟು ದಾರಿ ಸಾಗಿತು. ಬಿಕ್ಕು, ಕೆಮ್ಮು, ಮೌನ.

ಗುರುಸಂಗಪ್ಪ ಆಕಾಶ ನೋಡಿದ. ಬಿಸಿಲು ಏರುತ್ತಿತ್ತು. ಓಬಳೇಶಪ್ಪ ಗಡಿಯಾರ ನೋಡುತ್ತ ನಿಂತಿರುವುದು ಅವನಿಗೆ ಇಲ್ಲಿಂದಲೇ ಕಂಡಿತು. ಮೂಗು ಕಿವಿ ಸುತ್ತಿಕೊಂಡು, ಮುಖ ತಿರುಗಿಸಿ, ಮುಚ್ಚಳ ತೆಗೆದು ದಂಟು ಬಿಟ್ಟ. ಡೀಸೆಲ್ ಬೇಕಾದಷ್ಟಿತ್ತು. ಹಾಗಾದರೆ ಮತ್ತೆ ಗಾಳಿಯೇ. ಎಲ್ಲೋ ನಟ್ಟು ಸಡಿಲ. ಎಲ್ಲ ನಟ್ಟನ್ನೂ ಪಾನಾ ಹಾಕಿ ಬಿಗಿದ. ಪೈಪಿನ ಜೋಡಣೆಗೆ ಸೋಪು ಮೆತ್ತಿದ. ಮತ್ತೆ ಕೈಪಂಪು, ಮತ್ತೆ ಬುರುಗು. ಒಂದು ಚಿಲುಮೆ ನೇರ ಹಾರಿ ಟವೆಲಿಗೆ, ಟವೆಲಿನಿಂದ ಮೀಸೆಗೆ ಇಳಿಯಿತು. ಸೆಲ್ಫ್ ಹೊಡೆಸಿದರೆ ಮೊದಲಿನ ಗತ್ತು ಇರಲಿಲ್ಲ, ಬ್ಯಾಟರಿ ನರಳುತ್ತಿತ್ತು. ಹೇಗೋ ಎದ್ದಿತು. ನಾಗಲಿಂಗಮ್ಮ ಇಳಿದು ಬೊಟ್ಟು ತಿದ್ದಿದಳು. ಹೊರಟರು. ಮತ್ತೆ ಸ್ವಲ್ಪ ದೂರಕ್ಕೇ ಗೌರವ್ವ ಉಸಿರು ಬಿಟ್ಟಳು.

ಗುರುಸಂಗಪ್ಪ ಇಳಿದು ಬಂದ. ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತ. ಕೈ ಮೂಸಿದ. ತೋಳು ಮೂಸಿದ. ತನ್ನನ್ನು ತಾನು ಎಲ್ಲಿಯಾದರೂ ಬಿಚ್ಚಿಟ್ಟು ಹೋಗುವಂತಿದ್ದರೆ ಹೋಗುತ್ತಿದ್ದ.

"ಇದು ನನ್ನ ಬಿಡಾಂಗಿಲ್ಲ, ನಾಗಿ," ಎಂದ. "ನಾ ಸತ್ತರೂ ಚಟ್ಟದ ಮ್ಯಾಲೆ ಡೀಸೆಲ್ ವಾಸನಿ ಬರ್ತೈತಿ. ಹೊರೋರು ಮೂಗು ಮುಚ್ಕೊಂಡು ಹೊರ್ತಾರ."

ನಾಗಲಿಂಗಮ್ಮ ಗಂಡನ ಮುಖ ನೋಡಿದಳು. ಲಾರಿ ನಿಂತದ್ದು ಆಕೆಗೆ ಒಳಗೊಳಗೆ ಬೇಸರವೇನೂ ಆಗಿರಲಿಲ್ಲ. ಹೋಗಲು ಮನಸ್ಸಿಲ್ಲದೆ ಗೌರವ್ವ ಹಟ ಮಾಡುತ್ತಿದ್ದಾಳೆ ಎಂದೇ ಆಕೆಯ ನಂಬಿಕೆ. ಆದರೆ ಆ ಮೀಸೆಯಿಂದ ಡೀಸೆಲ್ ತೊಟ್ಟಿಕ್ಕುವುದನ್ನು ಕಂಡು ಆಕೆಗೂ ಕರುಳು ಚುರ್ರೆಂದಿತು.

"ಏಳ್ರಿ, ಇನ್ನೊಂದು ಸಲ ನೋಡೋಣು. ಆಕಿಗೆ ನಾ ಬುದ್ಧಿ ಹೇಳ್ತೀನಿ."

ಇನ್ನೊಂದು ಸಲವೆಂದರೆ ಕೊನೆಯ ಸಲ. ಬ್ಯಾಟರಿಯಲ್ಲಿ ಅಷ್ಟೇ ಜೀವವಿತ್ತು. ದಂಟು ಇಳಿಸಿ ನೋಡಿ, ಮುಚ್ಚಳ ಬಿಗಿದು, ಗಾಳಿ ತೆಗೆದ. ನಾಗಲಿಂಗಮ್ಮ ಕೀಲಿ ತಿರುವಿದಳು. ಕ್ರ್... ಕ್ರ್... ಎಂದು ಎಳೆದೆಳೆದು, ಇನ್ನೇನು ಇಲ್ಲ ಎನ್ನುವಾಗ ಇಂಜಿನ್ ಹಿಡಿಯಿತು. ಈ ಬಾರಿ ಗುರುಸಂಗಪ್ಪ ಅವಸರ ಮಾಡಲಿಲ್ಲ. ಸೀಟಿನಲ್ಲಿ ಕೂತು, ಆಕ್ಸಿಲರೇಟರ್ ಒತ್ತಿ ಹಿಡಿದು, ಇಂಜಿನ್ನಿನ ಸದ್ದನ್ನೇ ಆಲಿಸುತ್ತಿದ್ದ. ನಾಗಲಿಂಗಮ್ಮ ತಟ್ಟೆ ಹಿಡಿದು ಕೆಳಗಿಳಿದಳು. ಒಣಗಿ ಬಿರುಕು ಬಿಟ್ಟ ಬೊಟ್ಟಿಗೆ ನೀರು ಚಿಮುಕಿಸಿ, ಮುದ್ದೆಯ ಉಳಿದದ್ದನ್ನೆಲ್ಲ ಬಳಿದು ಮೆತ್ತಿ, "ನಮ್ಮವ್ವ, ಹಟ ಮಾಡಬ್ಯಾಡ, ಒಳ್ಳೇ ಮನಿ ಐತಿ" ಎಂದು ಸಮಾಧಾನ ಹೇಳತೊಡಗಿದಳು.

ಸ್ವಲ್ಪ ಹೊತ್ತಿಗೆ ಆಕೆಯ ಕೂಗು ಇಂಜಿನ್ನಿನ ಸದ್ದನ್ನೂ ಮೀರಿ ಬಂತು.

"ರೀ! ಇಲ್ಲಿ ಬರ್ರೀ! ಗೌರವ್ವ ವಿಭೂತಿ ನುಂಗಾಕತ್ಯಾಳ!"

"ಏನಂತಿ?"

"ಬೊಟ್ಟು ಒಳಗ ಎಳಕೊಳ್ಳಾಕತ್ಯಾಳ್ರೀ! ನಡುವ ಕುಣಿ ಬಿದ್ದೈತಿ! ಒಪ್ಪಿಕೊಂಡ್ಲು, ನನ್ನ ಮಾತು ಒಪ್ಪಿಕೊಂಡ್ಲು!"

ನಾಗಲಿಂಗಮ್ಮ ಕಣ್ಣಲ್ಲಿ ನೀರು ತುಂಬಿಕೊಂಡು ಗಲ್ಲ ಗಲ್ಲ ಬಡಿದುಕೊಳ್ಳುತ್ತಿದ್ದಳು. ಅದೇ ಹೊತ್ತಿಗೆ ಇಂಜಿನ್ನಿನ ದನಿ ಇಳಿಯತೊಡಗಿತು. ಗುರುಸಂಗಪ್ಪನಿಗೆ ಆಗ ತಟ್ಟನೆ ಹೊಳೆಯಿತು. ಡೀಸೆಲ್ ಮುಚ್ಚಳದ ನಡುವೆ ಸೂಜಿಯಷ್ಟು ಒಂದು ತೂತು ಇರುತ್ತದೆ, ಡೀಸೆಲ್ ಹೊರಗೆ ಹೋದಂತೆ ಗಾಳಿ ಒಳಗೆ ಬರಲೆಂದು. ಅದು ಮುಚ್ಚಿದರೆ ಟ್ಯಾಂಕು ಉಸಿರು ಬಿಗಿ ಹಿಡಿದು ಡೀಸೆಲನ್ನು ಬಿಟ್ಟುಕೊಡುವುದಿಲ್ಲ. ಮುಂಜಾನೆಯಿಂದ ಅವನು ಗಾಳಿ ತೆಗೆಯುತ್ತಿದ್ದ. ಬೇಕಾಗಿದ್ದದ್ದು ಗಾಳಿ ಬಿಡುವುದು.

ಇಂಜಿನ್ ಬಿಕ್ಕಿತು. ಗುರುಸಂಗಪ್ಪ ಹಾರಿ ಇಳಿದ. ಟವೆಲು ಹೆಗಲ ಮೇಲೇ ಉಳಿಯಿತು. ಡ್ರೈವರನಾದ ಮೇಲೆ ಮೊದಲ ಬಾರಿಗೆ ಮೂಗನ್ನೂ ಕಿವಿಯನ್ನೂ ಬಿಟ್ಟುಕೊಂಡು, ಮುಖವನ್ನು ಮುಚ್ಚಳದ ಹತ್ತಿರ ತಂದು ತಿರುವಿದ. ಟ್ಯಾಂಕು "ಹ್ಹಾ" ಎಂದು ಉದ್ದನೆಯ ಉಸಿರು ಎಳೆದುಕೊಂಡಿತು. ಇಂಜಿನ್ನಿನ ದನಿ ಏರಿತು. ಹಿಂದಿನ ಸಲವೂ, ಅದರ ಹಿಂದಿನ ಸಲವೂ ಅದು ಹೀಗೇ ಉಸಿರೆಳೆದಿರಬೇಕು. ಕೇಳುವ ಕಿವಿಗೆ ಟವೆಲು ಸುತ್ತಿತ್ತು, ನೋಡುವ ಮುಖ ಹೊಲದ ಕಡೆ ತಿರುಗಿತ್ತು.

"ನಾಗಿ, ನೀ ಹಚ್ಚಿದ್ದು ಬೊಟ್ಟಲ್ಲ, ಬಿರಡಿ. ಪಿನ್ನು ಕೊಡು."

"ಯಾಕ್ರೀ?"

"ನಿನ್ನ ಮಗಳಿಗೆ ಮೂಗು ಚುಚ್ಚಬೇಕು."

ನಾಗಲಿಂಗಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಕೊಟ್ಟಳು. ಅವನು ಹಾಲು, ಅರಿಷಿಣ, ವಿಭೂತಿ ಸೇರಿ ಗಾರೆಯಾಗಿದ್ದ ಮುದ್ದೆಯನ್ನು ಕೆರೆದು ಕೆರೆದು ತೂತು ಬಿಡಿಸಿದ. ಹಾಲು ಆಗಲೇ ಹುಳಿತಿತ್ತು. ಡೀಸೆಲಿನ ಜೊತೆ ಹುಳಿ ಹಾಲಿನ ನಾತ. ಮೂಗಿನ ನ್ಯಾಯಾಲಯ ಇಂಥ ಮೊಕದ್ದಮೆಯನ್ನು ಈವರೆಗೆ ಕಂಡಿರಲಿಲ್ಲ. "ಥೂ," ಎಂದ, "ಥೂ, ಥೂ." ಆದರೆ ಇಂಜಿನ್ ನಿಲ್ಲಲಿಲ್ಲ.

ಹರಪನಹಳ್ಳಿ ಮುಟ್ಟಿದಾಗ ಓಬಳೇಶಪ್ಪ ಕಣದ ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಅರಸೀಕೆರೆಯ ಕಡೆಗಿಟ್ಟು ನಿಂತಿದ್ದ.

"ರಾಹು ಬಾಗಲಾಗೇ ನಿಂತಾನ್ರಿ! ಒಳಗೆ ತಗಳ್ರಿ, ತಗಳ್ರಿ!"

ಲಾರಿ ತನ್ನ ಕಾಲ ಮೇಲೆ ತಾನು ಒಳಗೆ ಬಂತು. ಓಬಳೇಶಪ್ಪ ಟ್ಯಾಂಕಿಗೆ ಕೋಲು ಬಿಟ್ಟು ನೋಡಿ ಹಿಗ್ಗಿದ. "ಡೀಸೆಲ್ಲೂ ತುಂಬಿ ತಂದೀರಲ್ರೀ! ದೊಡ್ಡ ಮನಸು ನಿಮ್ದು!" ಎರ್ರೆಪ್ಪನ ಹೊಲದ ಮಾನ ಟ್ಯಾಂಕಿನಲ್ಲಿ ತುಳುಕುತ್ತಿತ್ತು. ಗುರುಸಂಗಪ್ಪ ಬಾಯಿಯಲ್ಲಿ ಇನ್ನೂ ಇದ್ದ ಅದರದೇ ರುಚಿಯನ್ನು ನುಂಗಿಕೊಂಡು ನಕ್ಕ.

ಅಷ್ಟರಲ್ಲಿ ಮನೆಯೊಳಗಿನಿಂದ ಓಬಳೇಶಪ್ಪನ ತಾಯಿ ಆರತಿ ತಟ್ಟೆ ಹಿಡಿದು ಬಂದರು. ಬಾನೆಟ್ಟಿಗೆ ಅರಿಷಿಣ ಹಚ್ಚಿದರು, ಬಾಗಿಲಿಗೆ ಹಚ್ಚಿದರು, ಕೈ ತುಂಬ ಮುದ್ದೆ ಹಿಡಿದು ಟ್ಯಾಂಕಿನ ಕಡೆಗೆ ನಡೆದರು. ಗುರುಸಂಗಪ್ಪ ಬಾಯಿ ತೆರೆಯುವ ಮೊದಲೇ ನಾಗಲಿಂಗಮ್ಮ ಅಡ್ಡ ಹೋಗಿ ನಿಂತಿದ್ದಳು.

"ಅಮ್ಮಾ, ಅಲ್ಲಿ ಬ್ಯಾಡ್ರೀ. ಈಕಿ ಅಲ್ಲೇ ಉಸಿರಾಡಾದು. ನಾ ಮುಂಜಾನೆ ತಿಳೀದೆ ಆಕಿ ಉಸಿರು ಕಟ್ಟಿಬಿಟ್ಟಿದ್ದೆ." ಪಿನ್ನನ್ನು ಮುಚ್ಚಳದ ಸರಪಳಿಗೆ ಸಿಕ್ಕಿಸಿದಳು. "ಇದು ಇಲ್ಲೇ ಇರಲಿ. ತವರುಮನಿ ಉಡುಗೊರಿ ಅಂತ ತಿಳ್ಕೊಳ್ರಿ."

ಆಮೇಲೆ ಲಾರಿಯ ಮೈಯನ್ನೊಮ್ಮೆ ಮುಟ್ಟಿದಳು. ಹಿಂದೆ ತಿರುಗಿ ನೋಡದೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ಗುರುಸಂಗಪ್ಪ ಸೋಪು ಸವೆಯುವವರೆಗೆ ಕೈ ತೊಳೆದ, ಬಾಯಿ ಮುಕ್ಕಳಿಸಿದ, ಮೀಸೆ ಹಿಂಡಿದ. ಕೊಟ್ಟೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ರಸ್ತೆಯ ಮೇಲೆ ಕೈಯಲ್ಲಿ ಸ್ಟೇರಿಂಗ್ ಇಲ್ಲದೆ, ಕಾಲಿಗೆ ಬ್ರೇಕಿಲ್ಲದೆ ಕೂತ. ಬಸ್ಸು ಹೊರಟಿತು. ಮುಂದಿನ ಸೀಟಿನ ಹೆಂಗಸು ಮೂಗಿನ ಹೊಳ್ಳೆ ಅರಳಿಸಿ ಅತ್ತಿತ್ತ ನೋಡಿದಳು, ಸೆರಗನ್ನು ಮೂಗಿಗೆ ಒತ್ತಿ ಹಿಂದೆ ತಿರುಗಿದಳು.

"ಏನು ನಾತನವ್ವಾ! ಯಾವನೋ ಲಾರಿ ಡ್ರೈವರ್ ಹತ್ಯಾನ ನೋಡ್ರಿ ಬಸ್ಸಿಗೆ."

ನಾಗಲಿಂಗಮ್ಮ ಗಂಡನ ಕಡೆ ನೋಡಿದಳು. ಗುರುಸಂಗಪ್ಪ ನಿಧಾನವಾಗಿ ಟವೆಲು ತೆಗೆದು ಮೂಗಿಗೆ ಕಟ್ಟಿಕೊಂಡ.

"ಹೌದ್ರೀ ಯಕ್ಕಾ," ಎಂದ. "ಈ ಡ್ರೈವರ್ ಮಂದೀದು ಭಾಳ ಹೇಸಿಗಿ."